ಒಂದೇ ತಗಡು, ಬೆಸುಗೆ ಇಲ್ಲ: ಮಡಿಕೆ ಒಡವೆ ಕಾರ್ಯಾಗಾರದ ಕೆಲಸದ ದಾಖಲೆ

ತಗಡನ್ನು ಮಡಚಿ, ಮಡಿಚಿದ್ದನ್ನೇ ಬಡಿದು, ಕಾಯಿಸಿ, ಮತ್ತೆ ಬಿಚ್ಚುವುದು. ಇಡೀ ವಿಧಾನ ಇಷ್ಟೇ. 1980ರ ದಶಕದಲ್ಲಿ ಚಾರ್ಲ್ಸ್ ಲ್ಯೂಟನ್-ಬ್ರೇನ್ ಎಂಬ ಕೆನಡಾದ ಅಕ್ಕಸಾಲಿಗ ಇದನ್ನು ಒಂದು ಶಿಸ್ತಾಗಿ ಬೆಳೆಸಿದರು. ಈಗ ಇದು ಫೋಲ್ಡ್ ಫಾರ್ಮಿಂಗ್ ಎಂಬ ಹೆಸರಿನಲ್ಲಿ ಒಡವೆ ಕಲಿಸುವ ಕಡೆಯಲ್ಲೆಲ್ಲ ನಡೆಯುತ್ತಿದೆ. ಅಚ್ಚು ಬೇಡ, ಅರಗು ಬೇಡ, ಬೆಸುಗೆಯೂ ಬೇಡ. ಎರಡು ಸುತ್ತಿಗೆ, ತಗಡನ್ನು ಬಿಗಿಯಾಗಿ ಹಿಡಿದಿಡಲು ಒಂದು ವೈಸ್ ಮತ್ತು ಬೆಂಕಿ ಸಾಕು.

ಒಂದು ದಿನದ ಕಾರ್ಯಾಗಾರದಲ್ಲಿ ಮೂರು ತುಂಡುಗಳನ್ನು ಮಾಡಿಸುತ್ತೇವೆ: ಅಭ್ಯಾಸಕ್ಕೆ ಗೆರೆಮಡಿಕೆಯ ಒಂದು ಫಲಕ, ಕಿವಿಗೆ ಒಂದು ಜೊತೆ ಎಲೆ, ಕೊರಳಿಗೆ ಟಿ-ಮಡಿಕೆಯ ಒಂದು ಪದಕ. ಮೂರಕ್ಕೂ ಬೇಕಾದ ಅಳತೆ, ಕ್ರಮ ಮತ್ತು ಕೆಡುವ ಜಾಗಗಳನ್ನು ಕೆಳಗೆ ಕೊಟ್ಟಿದ್ದೇವೆ. ಎಲೆಗೆ ಹೆಚ್ಚು ಜಾಗ ಕೊಟ್ಟಿರುವುದು ಬೇಕೆಂದೇ. ಎಲೆಯನ್ನು ಅರ್ಥ ಮಾಡಿಕೊಂಡವರಿಗೆ ಉಳಿದ ಮಡಿಕೆಗಳನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತಗಡು

ಕಲಿಯಲು ತಾಮ್ರವೇ ಸರಿ. ಮೆತ್ತಗಿರುತ್ತದೆ, ಎಷ್ಟು ಸಲ ಕಾಯಿಸಿದರೂ ಸಹಿಸುತ್ತದೆ, ಹಾಳಾದರೆ ಹೊಟ್ಟೆ ಉರಿಯುವುದಿಲ್ಲ. ಫಲಕ ಮತ್ತು ಪದಕಕ್ಕೆ 26 ಗೇಜ್, ಎಲೆಗೆ 28 ಗೇಜ್. ಗೇಜ್ ಎಂದರೆ ತಗಡಿನ ದಪ್ಪದ ಅಂಕಿ, ಅಂಕಿ ಏರಿದಂತೆ ತಗಡು ತೆಳು. ಇಲ್ಲೊಂದು ಗೊಂದಲವಿದೆ. ನಮ್ಮ ಅಂಗಡಿಗಳಲ್ಲಿ ಗೇಜ್ ಎಂದರೆ ಸಾಮಾನ್ಯವಾಗಿ ಎಸ್‌ಡಬ್ಲ್ಯುಜಿ, ಅಂದರೆ ಬ್ರಿಟಿಷ್ ಅಳತೆ: 26 ಎಂದರೆ 0.457 ಮಿ.ಮೀ., 28 ಎಂದರೆ 0.376, 30 ಎಂದರೆ 0.315. ಅಮೆರಿಕದ ವಿಡಿಯೋಗಳಲ್ಲಿ ಹೇಳುವ 26 ಗೇಜ್ 0.40 ಮಿ.ಮೀ. ಮಾತ್ರ. ಒಂದೇ ಅಂಕಿ, ಬೇರೆ ದಪ್ಪ. ಅಂಗಡಿಗೆ ಹೋಗುವಾಗ ಮಿಲಿಮೀಟರ್ ಬರೆದುಕೊಂಡು ಹೋಗಿ, ಸಾಧ್ಯವಾದರೆ ದಪ್ಪ ಅಳೆಯುವ ಕ್ಯಾಲಿಪರ್ಸ್ ಕಿಸೆಯಲ್ಲಿರಲಿ. ಬೆಂಗಳೂರಿನವರಾದರೆ ಸುತ್ತಿಗೆ, ವೈಸ್‌ಗೆ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು, ಅಕ್ಕಸಾಲಿಗರ ಸಾಮಾನಿಗೆ ನಗರ್ತಪೇಟೆ.

ಒಬ್ಬರಿಗೆ 26 ಗೇಜಿನ 100 × 150 ಮಿ.ಮೀ. ತುಂಡು ಒಂದು (ಸುಮಾರು 61 ಗ್ರಾಂ), 28 ಗೇಜಿನ 100 × 100 ಮಿ.ಮೀ. ತುಂಡು ಒಂದು (ಸುಮಾರು 34 ಗ್ರಾಂ) ಸಾಕು.

ಅಂಗಡಿಯಿಂದ ಬಂದ ತಗಡು ಸಾಮಾನ್ಯವಾಗಿ ಬಿರುಸಾಗಿರುತ್ತದೆ. ಅದನ್ನು ಬಿರುಸಾಗಿರುವಾಗಲೇ ಕತ್ತರಿಸಿ, ಆಮೇಲೆ ಕಾಯಿಸಿ. ಮೆತ್ತಗಾದ ತೆಳು ತಗಡು ಕತ್ತರಿಯ ಬಾಯಲ್ಲಿ ಮಡಚಿಕೊಳ್ಳುತ್ತದೆ, ಅಂಚು ಹರಿದಂತೆ ಬರುತ್ತದೆ. ಗುರುತು ಹಾಕಲು ಸೀಸದ ಕಡ್ಡಿ ಅಥವಾ ಮಾರ್ಕರ್ ಬಳಸಿ, ಗೀರುಮೊಳೆ ಬೇಡ. ಮಡಿಕೆ ಬೀಳುವ ಜಾಗದಲ್ಲಿ ಗೀರಿದ ಗೆರೆ ಅಂದರೆ ಮುಂದೆ ಬಿರುಕು ಬಿಡಲು ನೀವೇ ಹಾಕಿಕೊಟ್ಟ ದಾರಿ.

ಸುತ್ತಿಗೆಯ ತಯಾರಿ

200ರಿಂದ 300 ಗ್ರಾಂ ತೂಕದ, ಒಂದು ಕಡೆ ಚಪ್ಪಟೆ ಮುಖ, ಇನ್ನೊಂದು ಕಡೆ ಹಿಡಿಗೆ ಅಡ್ಡಲಾಗಿ ಚೂಪಾದ ಮೂತಿ ಇರುವ ಸುತ್ತಿಗೆ ಬೇಕು. ಹೊಸ ಸುತ್ತಿಗೆಯ ಮೂತಿಯನ್ನು ಇದ್ದಂತೆ ಬಳಸಿದರೆ ಅದು ತಗಡನ್ನು ಕಚ್ಚುತ್ತದೆ, ಹಿಗ್ಗಿಸುವುದಿಲ್ಲ. ಅರದಿಂದ ಮೂತಿಯನ್ನು ಸುಮಾರು 3 ಮಿ.ಮೀ. ತ್ರಿಜ್ಯಕ್ಕೆ ಉರುಟು ಮಾಡಿ, 220, 400, 800 ನಂಬರಿನ ಎಮರಿ ಪೇಪರಿನಲ್ಲಿ ವರಸೆಯಾಗಿ ಉಜ್ಜಿ, ಕೊನೆಗೆ ಒಪ್ಪ ಹಾಕಿ. ಮೂತಿಯ ಎರಡು ತುದಿಯ ಮೂಲೆಗಳನ್ನೂ ಉರುಟು ಮಾಡುವುದು ಮರೆಯಬಾರದು. ತಗಡಿನ ಮೇಲೆ ಅರ್ಧಚಂದ್ರದ ಗಾಯ ಮಾಡುವುದು ಆ ಮೂಲೆಗಳೇ. ಈ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಸುತ್ತಿಗೆಯ ಮೇಲಿರುವ ಪ್ರತಿ ಗೀರೂ ಒಡವೆಯ ಮೇಲೆ ಮೂಡುವುದರಿಂದ ಅರ್ಧ ಗಂಟೆ ಹೆಚ್ಚಲ್ಲ.

ಇದರ ಜೊತೆಗೆ ಮರದ ಕೊಡತಿ ಅಥವಾ ನೈಲಾನ್ ಸುತ್ತಿಗೆ, 75 ಮಿ.ಮೀ. ಚೌಕದ ನುಣುಪಾದ ಉಕ್ಕಿನ ಅಡಿಗಲ್ಲು, ಬೆಂಚ್ ವೈಸ್, ವೈಸ್‌ನ ಹಲ್ಲಿನ ಗುರುತು ಬೀಳದಂತೆ ಎರಡು ಅಲ್ಯೂಮಿನಿಯಂ ಕೋನಪಟ್ಟಿ, ತಗಡು ಕತ್ತರಿ, ಸಣ್ಣ ಅರ, ದುಂಡುಮೂತಿ ಇಕ್ಕಳ, ಮೊಂಡಾದ ಒಂದು ಊಟದ ಚಾಕು. ಮಡಿಕೆ ಬಿಚ್ಚಲು ಚಾಕು ಮೊಂಡಾಗಿಯೇ ಇರಬೇಕು. ಹರಿತವಾದದ್ದು ಒಳಗಿನ ಬೆನ್ನನ್ನು, ಅಂದರೆ ಮಡಚಿದ ಗೆರೆಯನ್ನು, ಗೀರುತ್ತದೆ.

ಬೆಂಕಿ ಮತ್ತು ಹುಳಿನೀರು

ಬಡಿದ ಹಾಗೆ, ಬಾಗಿಸಿದ ಹಾಗೆ ಲೋಹ ಬಿರುಸಾಗುತ್ತದೆ. ಅದನ್ನು ಕಾಯಿಸಿ ಮತ್ತೆ ಮೆತ್ತಗೆ ಮಾಡುವುದನ್ನೇ ಅನೀಲಿಂಗ್ ಎನ್ನುವುದು. ಈ ಕೆಲಸದಲ್ಲಿ ಕೆಡುವ ತುಂಡುಗಳಲ್ಲಿ ಹೆಚ್ಚಿನವು ಕೆಡುವುದು ಸುತ್ತಿಗೆಯಿಂದಲ್ಲ, ಒಂದು ಕಾವು ತಪ್ಪಿಸಿದ್ದರಿಂದ.

80 ಮಿ.ಮೀ. ಒಳಗಿನ ತುಂಡಿಗೆ ಎಲ್‌ಪಿಜಿ ಕೈಟಾರ್ಚ್ ಸಾಕು. ಬೆಂಕಿಇಟ್ಟಿಗೆಯ ಮೇಲೆ ತುಂಡನ್ನಿಟ್ಟು, ಜ್ವಾಲೆಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಾ ಕಾಯಿಸಿ. ಮಬ್ಬು ಬೆಳಕಿನಲ್ಲಿ ತಾಮ್ರ ಮಂಕು ಕೆಂಪಾಗಿ ಕಂಡ ತಕ್ಷಣ ಜ್ವಾಲೆ ತೆಗೆಯಿರಿ. ಆ ಬಣ್ಣ ಬಂದರೆ ಕೆಲಸ ಆಯಿತು, ಹಿಡಿದಿಟ್ಟು ಕಾಯಿಸುವ ಅಗತ್ಯವಿಲ್ಲ. ಬಿಸಿಲಿನಲ್ಲಿ, ಕಿಟಕಿಯ ಎದುರಿನಲ್ಲಿ ಮಾಡಿದರೆ ಮಂಕು ಕೆಂಪು ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವ ಹೊತ್ತಿಗೆ ಅದು ಕಿತ್ತಳೆ ಬಣ್ಣಕ್ಕೆ ಹೋಗಿರುತ್ತದೆ, ಲೋಹದೊಳಗಿನ ಹರಳುಗಳು ದೊಡ್ಡದಾಗಿರುತ್ತವೆ. ಆಮೇಲೆ ಬಾಗಿಸಿದಾಗ ಮೇಲ್ಮೈ ತರಿತರಿಯಾಗುತ್ತದೆ, ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕಾಯಿಸುವ ಮೇಜು ಕೋಣೆಯ ಕತ್ತಲ ಮೂಲೆಯಲ್ಲಿರಲಿ. ಗಾಳಿಯಾಡುವ ಕೋಣೆಯೂ ಆಗಿರಲಿ.

ತಾಮ್ರವನ್ನು ಬಿಸಿಯಾಗಿರುವಾಗಲೇ ನೀರಿಗೆ ಹಾಕಬಹುದು. ಮಡಚಿದ ತುಂಡನ್ನು ಉದ್ದ ಇಕ್ಕಳದಲ್ಲಿ ಹಿಡಿದು, ಮುಖ ದೂರವಿಟ್ಟು ಅದ್ದಬೇಕು. ಮಡಿಕೆಯ ಒಳಗೆ ನುಗ್ಗಿದ ನೀರು ಆವಿಯಾಗಿ ಚಿಮ್ಮುತ್ತದೆ.

ಕಾಯಿಸಿದಾಗ ಲೋಹದ ಮೇಲೆ ಕೂರುವ ಕಪ್ಪನ್ನು ಬಿಡಿಸುವುದು ಹುಳಿನೀರು. ಅದಕ್ಕೆ ಒಂದು ಲೀಟರ್ ಬಿಸಿನೀರಿನಲ್ಲಿ 100ರಿಂದ 150 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. 50–60 ಡಿಗ್ರಿ ಬಿಸಿಯಿದ್ದರೆ ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಕಪ್ಪು ಬಿಡುತ್ತದೆ. ಗಂಧಕಾಮ್ಲ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಆದರೆ ಹೊಸಬರು ತುಂಬಿರುವ ಕೋಣೆಗೆ ಅದು ಬೇಡ. ಹುಳಿನೀರಿನೊಳಗೆ ಕಬ್ಬಿಣದ ಚಿಮಟ ಹೋಗಬಾರದು. ಹೋದರೆ ನೀರಿನಲ್ಲಿ ಕರಗಿರುವ ತಾಮ್ರ ಬಂದು ಒಳಗಿರುವ ಬೆಳ್ಳಿಯ ಮೇಲೆ ಕೂತು ಅದನ್ನು ಕೆಂಪಾಗಿಸುತ್ತದೆ. ಪ್ಲಾಸ್ಟಿಕ್ ಅಥವಾ ಬಿದಿರಿನ ಚಿಮಟ ಇಟ್ಟುಕೊಳ್ಳಿ.

ಮಡಿಕೆ ಕೆಲಸಕ್ಕೇ ಸೇರಿದ ಇನ್ನೊಂದು ಅಪಾಯವಿದೆ. ಮುಚ್ಚಿದ ಮಡಿಕೆಯೊಳಗೆ ಆಮ್ಲ ಉಳಿದುಬಿಡುತ್ತದೆ. ಅದನ್ನು ಹಾಗೆಯೇ ಮತ್ತೆ ಬೆಂಕಿಗೆ ಹಿಡಿದರೆ ಬಿಸಿ ಆಮ್ಲ ಸಿಡಿಯುತ್ತದೆ. ಹಿಡಿಯದೆ ಬಿಟ್ಟರೆ ಒಡವೆ ಮುಗಿದ ಮೇಲೆ ಮಡಿಕೆಯ ಸಂದಿನಿಂದ ಹಸಿರು ಕಿಲುಬು ಇಳಿಯುತ್ತದೆ. ಆದ್ದರಿಂದ ಮಡಿಕೆ ಮುಚ್ಚಿರುವಷ್ಟು ಹೊತ್ತು ಹುಳಿನೀರಿಗೆ ಹಾಕದಿರುವುದೇ ಜಾಣತನ. ತಾಮ್ರದ ಮೇಲಿನ ಕಪ್ಪನ್ನು ನೀರಿನಲ್ಲಿ ಬ್ರಷ್‌ನಿಂದ ಉಜ್ಜಿದರೆ ಬಡಿಯುವಷ್ಟು ಶುಚಿಯಾಗುತ್ತದೆ. ಹಾಕಲೇಬೇಕಾಗಿ ಬಂದರೆ, ಲೀಟರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ಐದು ನಿಮಿಷ ಕುದಿಸಿ, ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಬೆಂಕಿಗೆ.

ಮೊದಲ ತುಂಡು: ಗೆರೆಮಡಿಕೆ

26 ಗೇಜ್, 50 × 80 ಮಿ.ಮೀ. ನಾಲ್ಕು ಅಂಚನ್ನೂ ಅರದಿಂದ ನುಣುಪು ಮಾಡಿ, ಕಾಯಿಸಿ. ವೈಸ್‌ನಲ್ಲಿ ಕೋನಪಟ್ಟಿಗಳ ನಡುವೆ ಹಿಡಿದು ಕೈಯಿಂದ 90 ಡಿಗ್ರಿ ಬಾಗಿಸಿ, ಹೊರತೆಗೆದು ಅಡಿಗಲ್ಲಿನ ಮೇಲೆ ಕೊಡತಿಯಿಂದ ಮುಚ್ಚಿ. ಎರಡು ಪದರ ಒಂದಕ್ಕೊಂದು ತಾಕಿದ ಮೇಲೆ ಉಕ್ಕಿನ ಸುತ್ತಿಗೆಯ ಚಪ್ಪಟೆ ಮುಖದಿಂದ ಬೆನ್ನಿನ ಉದ್ದಕ್ಕೂ ಒಂದು ವರಸೆ ಹಗುರ ಪೆಟ್ಟು. ಈ ವರಸೆಯೇ ಗೆರೆ ಎಷ್ಟು ಚೂಪಾಗಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಈಗ ಕಾಯಿಸಿ. ಕಾಯಿಸದೆ ಬಿಚ್ಚಿದರೆ ಬೆನ್ನು ಸೀಳುತ್ತದೆ: ಆ ಗೆರೆಯಲ್ಲಿ ಲೋಹ ಹೊರಮೈಯಲ್ಲಿ ಪೂರ್ತಿ ಎಳೆದುಕೊಂಡು ಬಿರುಸಾಗಿದೆ, ಅದನ್ನೇ ಈಗ ಹಿಮ್ಮುಖವಾಗಿ ಬಾಗಿಸುತ್ತಿದ್ದೀರಿ. ಕಾಯಿಸಿದ ಮೇಲೆ ಚಾಕು ತೂರಿಸಿ, ತಿರುವಿ, ಬೆರಳಿನಿಂದ ಬಿಚ್ಚಿ. ಮರದ ಹಲಗೆಯ ಮೇಲೆ ಏಣು ಮೇಲೆ ಬರುವಂತೆ ಇಟ್ಟು ಎರಡು ಮಗ್ಗುಲನ್ನೂ ಕೊಡತಿಯಿಂದ ತಟ್ಟಿದರೆ ತಗಡು ಚಪ್ಪಟೆಯಾಗಿ, ನಡುವೆ ಏಣು ಮಾತ್ರ ಎದ್ದು ನಿಲ್ಲುತ್ತದೆ. ಬಿಚ್ಚುವಾಗ ಬೆನ್ನು ಮತ್ತೆ ಬಿರುಸಾಗಿರುವುದರಿಂದ ಅದು ಸುಲಭಕ್ಕೆ ಚಪ್ಪಟೆಯಾಗುವುದಿಲ್ಲ. ಕೊನೆಗೆ ಅಡಿಗಲ್ಲಿನ ಮೇಲಿಟ್ಟು ಏಣಿನ ನೆತ್ತಿಗೇ ಚಪ್ಪಟೆ ಮುಖದಿಂದ ಹಗುರವಾಗಿ ತಟ್ಟುತ್ತಾ ಹೋಗಿ, ಗೆರೆ ತೀಡಿದಂತಾಗುತ್ತದೆ.

ಎರಡನೇ ಗೆರೆ ಬೇಕಿದ್ದರೆ ಕಾಯಿಸಿ, ಓರೆಯಾಗಿ ಮಡಚಿ, ಇದೇ ಕ್ರಮ. ಎರಡು ಗೆರೆ ದಾಟುವ ಜಾಗದಲ್ಲಿ ಹಳೆಯ ಏಣು ಜಜ್ಜಿಹೋಗುತ್ತದೆ, ಹೊಸ ಗೆರೆ ಮೇಲುಗೈಯಾಗುತ್ತದೆ. ಆದ್ದರಿಂದ ಕಣ್ಣಿಗೆ ಮುಖ್ಯವಾಗಿ ಕಾಣಬೇಕಾದ ಗೆರೆಯನ್ನು ಕೊನೆಗೆ ಮಡಚಿ. ಬಿರುಕು ಮೊದಲು ಬೀಳುವುದೂ ಈ ದಾಟುವ ಜಾಗಗಳಲ್ಲೇ.

ಎರಡನೇ ತುಂಡು: ಎಲೆ

28 ಗೇಜ್, 36 × 80 ಮಿ.ಮೀ. ಎರಡು ತುಂಡು. ಮೊದಲು ಗಟ್ಟಿ ಕಾಗದದಲ್ಲಿ, ಹಳೆಯ ಮದುವೆ ಕರೆಯೋಲೆ ಚೆನ್ನಾಗಿ ಆಗುತ್ತದೆ, ಅರ್ಧ ಎಲೆಯ ಆಕಾರ ಕತ್ತರಿಸಿ ನೋಡಿಕೊಳ್ಳಿ. ಮಡಿಕೆಯೇ ಎಲೆಯ ನಡುನರ. ಅದರಿಂದ ಒಂದು ಕಡೆ 18 ಮಿ.ಮೀ. ಅಗಲದ ಅರ್ಧ ಎಲೆ, ಉದ್ದ 52 ಮಿ.ಮೀ. ಉಳಿದ 28 ಮಿ.ಮೀ. ತೊಟ್ಟು, ಮಡಚಿದ ಸ್ಥಿತಿಯಲ್ಲಿ 3 ಮಿ.ಮೀ. ಅಗಲ. ಈ ತೊಟ್ಟೇ ಮುಂದೆ ಸುರುಳಿ ಸುತ್ತಿ ಕೊಂಡಿಯಾಗುತ್ತದೆ, ಬೆಸುಗೆಯ ಕೆಲಸ ತಪ್ಪುವುದು ಇದರಿಂದ.

ಈ ಅಳತೆಯಲ್ಲಿ ಒಂದು ಎಲೆ ಸುಮಾರು 4.8 ಗ್ರಾಂ ತೂಗುತ್ತದೆ. 26 ಗೇಜಿನಲ್ಲಿ ಮಾಡಿದರೆ 5.8, 30ರಲ್ಲಿ 4. ತಂತಿ ಕೊಕ್ಕೆಯಲ್ಲಿ ತೂಗುವ ಓಲೆ 5 ಗ್ರಾಂ ಒಳಗಿದ್ದರೆ ಕಿವಿಗೆ ಹಿತ.

ಎರಡೂ ತಗಡನ್ನು ಕಾಯಿಸಿ, ಉದ್ದಕ್ಕೆ ನಡುವೆ ಮಡಚಿ, ಕೊಡತಿಯಿಂದ ಮುಚ್ಚಿ. ಮಾದರಿ ಇಟ್ಟು ಗೆರೆ ಎಳೆದು ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಿ. ಕತ್ತರಿಯ ಪ್ರತಿ ನಿಲುಗಡೆಯಲ್ಲೂ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಉಳಿಯುತ್ತದೆ. ಅದನ್ನು ಬಿಟ್ಟು ಬಡಿದರೆ ಅಲ್ಲಿಂದಲೇ ಹರಿಯುತ್ತದೆ, ಅಂಚು ಹಿಗ್ಗುವಾಗ ಎಳೆತವೆಲ್ಲ ಕಚ್ಚಿನ ತಳದಲ್ಲಿ ಸೇರುವುದರಿಂದ. ಅರ ಹಾಕಿ, ಬೆರಳುಗುರಿನಿಂದ ಸವರಿ ನೋಡಿ, ಎಲ್ಲೂ ತಡೆಯಬಾರದು. ಎಲೆಯ ತುದಿಯಲ್ಲಿ ಮಡಿಕೆಯ ಮೂಲೆಯನ್ನು 1 ಮಿ.ಮೀ. ಉರುಟು ಮಾಡಿ.

ಇನ್ನು ಬಡಿತ. ಇಲ್ಲಿ ತಿಳಿಯಬೇಕಾದ ಸಂಗತಿ ಒಂದೇ: ಅಡ್ಡಮೂತಿಯ ಪೆಟ್ಟು ಲೋಹವನ್ನು ಮೂತಿಯ ಗೆರೆಗೆ ಲಂಬವಾಗಿ ತಳ್ಳುತ್ತದೆ. ಅಂಚು ಉದ್ದವಾಗಬೇಕಾದರೆ ಮೂತಿ ಅಂಚಿಗೆ ಅಡ್ಡಲಾಗಿ ಬೀಳಬೇಕು. ಮೂತಿಯನ್ನು ಅಂಚಿನ ಉದ್ದಕ್ಕೆ ಸಮಾನಾಂತರವಾಗಿ ಹಿಡಿದು ಬಡಿದರೆ ಎಲೆ ಅಗಲವಾಗುತ್ತದೆಯೇ ಹೊರತು ಬಾಗುವುದಿಲ್ಲ. "ಎಷ್ಟು ಬಡಿದರೂ ಬಾಗ್ತಾ ಇಲ್ಲ" ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದದ್ದು ಪೆಟ್ಟಿನ ಜೋರನ್ನಲ್ಲ, ಮೂತಿಯ ದಿಕ್ಕನ್ನು.

ಎಲ್ಲಿ ಬಡಿಯುತ್ತೀರಿ ಎಂಬುದು ರೂಪವನ್ನು ನಿರ್ಧರಿಸುತ್ತದೆ. ತೆರೆದ ಅಂಚನ್ನು ಬಡಿದರೆ ಅಂಚು ಉದ್ದವಾಗಿ, ಬೆನ್ನು ಗಿಡ್ಡವಾಗಿಯೇ ಉಳಿದು, ತುಂಡು ಬೆನ್ನಿನ ಕಡೆಗೆ ಬಾಗುತ್ತದೆ. ಬಿಚ್ಚಿದಾಗ ನಡುನರ ಒಳಬಾಗಿ, ಅಂಚು ಹೊರಚಿಮ್ಮಿ ಅಲೆಅಲೆಯಾಗುತ್ತದೆ. ಬೆನ್ನನ್ನೇ ಬಡಿದರೆ ಇದಕ್ಕೆ ತಿರುಗುಮುರುಗು: ನಡುನರ ಉದ್ದವಾಗಿ, ಅಂಚು ಗಿಡ್ಡವಾಗಿ, ಬಿಚ್ಚಿದಾಗ ದೋಣಿಯಂಥ ಬಟ್ಟಲು ರೂಪ ಬರುತ್ತದೆ. ಬಟಾಣಿ ಸಿಪ್ಪೆಯ ಆಕಾರ ಬೇಕಾದವರು ಬೆನ್ನು ಬಡಿಯಲಿ. ಎರಡನ್ನೂ ಸಮನಾಗಿ ಬಡಿದರೆ ಎಲೆ ಉದ್ದವಾಗುತ್ತದೆ ಅಷ್ಟೇ, ಯಾವ ರೂಪವೂ ಬರುವುದಿಲ್ಲ.

ಓಲೆಗೆ ತೆರೆದ ಅಂಚು. ಕಾಯಿಸಿದ ತುಂಡನ್ನು ಅಡಿಗಲ್ಲಿನ ಅಂಚಿನ ಬಳಿ ಇಟ್ಟು, ತೊಟ್ಟಿನ ಕಡೆಯಿಂದ ಶುರು ಮಾಡಿ ತುದಿಯವರೆಗೆ, ಪ್ರತಿ ಪೆಟ್ಟು ಹಿಂದಿನದರ ಅರ್ಧವನ್ನು ಮುಚ್ಚುವಂತೆ. ಪೆಟ್ಟಿನ ಭಾರ ಅಂಚಿನ 3–4 ಮಿ.ಮೀ. ಮೇಲಿರಲಿ, ಒಳಗೆ ಹೋದಂತೆ ತೆಳುವಾಗಿ ಮುಗಿಯಲಿ. ಸುತ್ತಿಗೆಯ ಹಿಡಿಯನ್ನು ಮುಷ್ಟಿಯಲ್ಲೇ ಎಡಕ್ಕೋ ಬಲಕ್ಕೋ ಸ್ವಲ್ಪ ಹೊರಳಿಸಿ ಹಿಡಿದರೆ ಮೂತಿಯ ಒಂದು ತುದಿ ಹೆಚ್ಚು ಇಳಿಯುತ್ತದೆ, ಆ ತುದಿ ಅಂಚಿನ ಕಡೆಗಿರಬೇಕು. ಒಂದು ವರಸೆ ಮುಗಿದ ಮೇಲೆ ತುಂಡನ್ನು ಮಗುಚಿ ಇನ್ನೊಂದು ಮಗ್ಗುಲಿಗೂ ಅಷ್ಟೇ ವರಸೆ. ಸುತ್ತಿಗೆ ನೇರ ತಾಕುವ ಪದರ ಅಡಿಗಲ್ಲಿಗೆ ಒರಗಿದ ಪದರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಮಗುಚದಿದ್ದರೆ ಬಿಚ್ಚಿದಾಗ ಎಲೆಯ ಒಂದು ಮಗ್ಗುಲು ಕುಣಿಯುತ್ತದೆ, ಇನ್ನೊಂದು ಸಪ್ಪೆಯಾಗಿರುತ್ತದೆ.

ಎರಡು ಎಲೆಯನ್ನೂ ಒಟ್ಟಿಗೆ ನಡೆಸಿ: ಒಂದಕ್ಕೆ ಒಂದು ವರಸೆ, ಇನ್ನೊಂದಕ್ಕೆ ಒಂದು ವರಸೆ, ಎರಡನ್ನೂ ಕಾಯಿಸಿ, ಪಕ್ಕಪಕ್ಕ ಇಟ್ಟು ಬಾಗು ಹೋಲಿಸಿ. ಒಂದನ್ನು ಪೂರ್ತಿ ಮುಗಿಸಿ ಆಮೇಲೆ ಎರಡನೆಯದನ್ನು ಹೊಂದಿಸಲು ಹೊರಟರೆ ಜೋಡಿ ಆಗುವುದಿಲ್ಲ.

ಯಾವಾಗ ಕಾಯಿಸಬೇಕು? ಕಿವಿಗೊಡಿ. ಮೆತ್ತಗಿನ ತಾಮ್ರ ಮಂಕಾಗಿ ಸದ್ದು ಮಾಡುತ್ತದೆ. ಬಿರುಸಾದ ಮೇಲೆ ಸದ್ದು ಠಣ್ಣನೆ ಏರುತ್ತದೆ, ಸುತ್ತಿಗೆ ಕೈಯಲ್ಲಿ ಪುಟಿಯುತ್ತದೆ. ಆಮೇಲಿನ ಪೆಟ್ಟು ಬಾಗು ಕೊಡುವುದಿಲ್ಲ, ಬಿರುಕು ಕೊಡುತ್ತದೆ. ಎರಡು ಮಗ್ಗುಲಿಗೂ ಒಂದೊಂದು ವರಸೆ, ಒಂದು ಕಾವು, ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಎರಡು ಪದರ ಸೇರಿ 0.75 ಮಿ.ಮೀ. ಇದ್ದದ್ದು ಅಂಚಿನಲ್ಲಿ 0.5ರ ಆಸುಪಾಸಿಗೆ ಬಂದಾಗ ನಿಲ್ಲಿಸಿ. ಅದಕ್ಕಿಂತ ತೆಳುವಾದರೆ ಅಂಚು ಬ್ಲೇಡಿನಂತಾಗಿ ಕತ್ತಿನ ಬಟ್ಟೆಗೆಲ್ಲ ಸಿಕ್ಕಿಕೊಳ್ಳುತ್ತದೆ. ರೋಲಿಂಗ್ ಮಿಲ್ (ತಗಡನ್ನು ಎರಡು ರೋಲರಿನ ನಡುವೆ ಒತ್ತಿ ತೆಳುಮಾಡುವ ಯಂತ್ರ) ಇದ್ದವರು ಎಲೆಯ ಅಂಚನ್ನಷ್ಟೇ ರೋಲರಿನ ಒಂದು ಬದಿಯಲ್ಲಿ ಹಾಯಿಸಿ ಇದೇ ಬಾಗನ್ನು ಬೇಗ ಪಡೆಯಬಹುದು, ಆದರೆ ಪೆಟ್ಟಿನ ಗುರುತು ಇರುವುದಿಲ್ಲ. ಗರಿಯಂತೆ ಹರಡಿದ ಆ ಗುರುತುಗಳೇ ಎಲೆಯ ನರಗಳಂತೆ ಕಾಣುವುದರಿಂದ, ಬೇರೆಯಾಗಿ ಉಳಿಯಿಂದ ನರ ಕೊರೆಯುವುದು ನಮ್ಮ ಮಟ್ಟಿಗೆ ದಂಡದ ಕೆಲಸ.

ಬಿಚ್ಚುವ ಮೊದಲು ತೊಟ್ಟನ್ನು ಮುಗಿಸಿ. 3 ಮಿ.ಮೀ. ಅಗಲದ ಎರಡು ಪದರವನ್ನು ಚಪ್ಪಟೆ ಮುಖದಿಂದ ಒಮ್ಮೆ ಅಗಲಕ್ಕೆ, ಒಮ್ಮೆ ದಪ್ಪಕ್ಕೆ ಹಗುರವಾಗಿ ಬಡಿಯುತ್ತಾ, ತುದಿಗೆ ಹೋದಂತೆ ಸಣ್ಣದಾಗುವ ಕಡ್ಡಿಯಂತೆ ಮಾಡಿ. ನಡುವೆ ಒಮ್ಮೆ ಕಾವು ಬೇಕೇ ಬೇಕು. ಪದರ ಬಾಯಿಬಿಟ್ಟರೆ ಇಕ್ಕಳದಿಂದ ಹಿಂಡಿ ಮುಚ್ಚಿ ಮುಂದುವರಿಯಿರಿ, ಬಾಯಿಬಿಟ್ಟಂತೆಯೇ ಬಡಿದರೆ ಒಂದು ಪದರ ಮಡಚಿಕೊಂಡು ಗಂಟಾಗುತ್ತದೆ. ಕಡ್ಡಿ ಸುಮಾರು 2 ಮಿ.ಮೀ.ಗೆ ಬಂದಾಗ ಸಾಕು.

ಬಿಚ್ಚುವುದು: ಕಾಯಿಸಿ, ತಣಿಸಿ, ಎಲೆಯ ಅತಿ ಅಗಲವಾದ ಜಾಗದಲ್ಲಿ ಮೊಂಡು ಚಾಕುವನ್ನು ತೂರಿಸಿ ಮೆಲ್ಲಗೆ ತಿರುವಿ. ಬೆರಳು ಹೋಗುವಷ್ಟು ಬಾಯಿ ಬಿಟ್ಟ ಮೇಲೆ ಚಾಕು ಬಿಟ್ಟು ಎರಡು ಹೆಬ್ಬೆರಳಿನಿಂದ ನಡುವಿನಿಂದ ತುದಿಗಳ ಕಡೆಗೆ ಬಿಚ್ಚುತ್ತಾ ಹೋಗಿ. ಅಂಚುಗಳನ್ನು ಹಿಂದೆಯೇ ಎಮರಿಯಿಂದ ಸವರಿರಬೇಕು, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಇಕ್ಕಳದಿಂದ ಎಳೆಯಬೇಡಿ, ಗುರುತು ಹೋಗುವುದಿಲ್ಲ. ಅರ್ಧ ಬಿಚ್ಚಿದಾಗ ತಗಡು ತಡೆಯಲು ಶುರು ಮಾಡುತ್ತದೆ. ಅಲ್ಲಿ ನಿಲ್ಲಿಸಿ, ಮತ್ತೆ ಕಾಯಿಸಿ, ಉಳಿದದ್ದನ್ನು ಬಿಚ್ಚಿ.

ಎಷ್ಟು ಬಿಚ್ಚಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. 90ರಿಂದ 120 ಡಿಗ್ರಿಯ ನಡುವೆ ಎಲೆ ಜೀವ ತಳೆದಿರುತ್ತದೆ. ಪೂರ್ತಿ ಹರವಿ ಚಪ್ಪಟೆ ಮಾಡಲು ಹೊರಟರೆ ಬಡಿದು ಗಳಿಸಿದ ಬಾಗೆಲ್ಲ ಸುಕ್ಕಾಗಿ ಕೂರುತ್ತದೆ. ಕೊನೆಯ ಬಿಚ್ಚಿನ ಮೇಲೆ ಕಾಯಿಸಬೇಡಿ. ಆ ಬಿಚ್ಚಿನಲ್ಲಿ ಬಂದ ಬಿರುಸೇ ಎಲೆಯನ್ನು ಬಾಗದಂತೆ ಹಿಡಿದಿಡುವುದು. ಮೆತ್ತಗಿನ ಎಲೆ ಒಂದು ಸಲ ಕೈಚೀಲಕ್ಕೆ ಬಿದ್ದರೆ ಮುದುಡುತ್ತದೆ.

ಬೆನ್ನು ಸ್ವಲ್ಪ ಸೀಳಿದರೆ? ತುದಿಯಲ್ಲಿ 2–3 ಮಿ.ಮೀ. ಸೀಳಾಗಿದ್ದರೆ ಎಲೆಯ ತುದಿಯನ್ನು ಅಷ್ಟು ಕತ್ತರಿಸಿ ಹೊಸ ಆಕಾರ ಕೊಡಿ, ಯಾರಿಗೂ ಗೊತ್ತಾಗುವುದಿಲ್ಲ. ನಡುವೆ ಸೀಳಿದ್ದರೆ ಬಿಳಿಗಾರ ಹಚ್ಚಿ ಹಿಂಬದಿಯಿಂದ ಬೆಳ್ಳಿ ಬೆಸುಗೆ ಹರಿಸಬಹುದು. ತಾಮ್ರದ ಮೇಲೆ ಬಿಳಿ ಗೆರೆ ಕಾಣುತ್ತದೆ, ಇಡೀ ತುಂಡು ಮೆತ್ತಗೂ ಆಗುತ್ತದೆ. ಹೊಸ ತಗಡಿನಲ್ಲಿ ಶುರು ಮಾಡುವುದೇ ಬೇಗ ಮುಗಿಯುವ ದಾರಿ.

ಮೂರನೇ ತುಂಡು: ಟಿ-ಮಡಿಕೆಯ ಪದಕ

ಶಾಲೆಯ ಸಮವಸ್ತ್ರದ ಲಂಗದ ಬಾಕ್ಸ್ ಪ್ಲೀಟ್ ನೋಡಿದ್ದರೆ ಇದು ಅದೇ, ಲೋಹದಲ್ಲಿ. 26 ಗೇಜ್, 70 × 60 ಮಿ.ಮೀ. ಮಡಿಕೆ 70ರ ಉದ್ದಕ್ಕೆ. ಕಾಯಿಸಿದ ತಗಡನ್ನು 10 ಮಿ.ಮೀ. ಸರಳಿನ ಮೇಲೆ ಯು ಆಕಾರಕ್ಕೆ ಬಾಗಿಸಿ, ಚೂಪು ಮಡಿಕೆ ಬೀಳಬಾರದು. ಎರಡು ಕಾಲು ಕೆಳಗೆ ಬರುವಂತೆ ವೈಸ್‌ನಲ್ಲಿ ಬಿಗಿಯಾಗಿ ಹಿಡಿದರೆ ಮೇಲೆ ಒಂದು ಕುಣಿಕೆ ಉಳಿಯುತ್ತದೆ. ಅದನ್ನು ಕೊಡತಿಯಿಂದ ಕೆಳಕ್ಕೆ ಬಡಿದಾಗ ಎರಡು ಕಡೆಗೂ ಹರಡಿ ಟಿ ಆಗುತ್ತದೆ.

ಲೆಕ್ಕ ಸುಲಭ. ಕುಣಿಕೆ ವೈಸ್‌ನಿಂದ ಎಷ್ಟು ಎತ್ತರವಿದೆಯೋ ಟಿ-ಯ ತಲೆ ಹೆಚ್ಚುಕಡಿಮೆ ಅಷ್ಟೇ ಅಗಲ ಬರುತ್ತದೆ. ಕುಣಿಕೆಯ ತಗಡು ಎತ್ತರದ ಎರಡರಷ್ಟು. ಚಪ್ಪಟೆಯಾದಾಗ ಅದರಲ್ಲಿ ಅರ್ಧ ಮೇಲೆ, ಉಳಿದರ್ಧ ಕೆಳಗೆ ಎಡಬಲ ಹಂಚಿಹೋಗುತ್ತದೆ. ಪದಕಕ್ಕೆ ಕುಣಿಕೆಯನ್ನು ಓರೆಯಾಗಿ ಹಿಡಿಯಿರಿ: ಒಂದು ತುದಿಯಲ್ಲಿ 15 ಮಿ.ಮೀ., ಇನ್ನೊಂದು ತುದಿಯಲ್ಲಿ ಸೊನ್ನೆ. ಆಗ ತಲೆ ಅಗಲದಿಂದ ಚೂಪಿಗೆ ಇಳಿಯುತ್ತದೆ. ಎತ್ತರದ ತುದಿಯಲ್ಲಿ ಕಾಲುಗಳಿಗೆ ತಲಾ 15 ಮಿ.ಮೀ. ಉಳಿಯುತ್ತದೆ, ವೈಸ್‌ಗೆ ಹಿಡಿಯಲು ಅಷ್ಟು ಬೇಕು.

ಕುಣಿಕೆ ಒಂದೇ ಕಡೆಗೆ ವಾಲಿ ಬೀಳುವುದು ಇಲ್ಲಿನ ದೊಡ್ಡ ತೊಂದರೆ. ಬಲಗೈಯವರು ತಮಗೆ ಗೊತ್ತಿಲ್ಲದಂತೆ ಬಲದಿಂದ ಎಡಕ್ಕೆ ಬಡಿಯುತ್ತಾರೆ. ಮೊದಲು ಕುಣಿಕೆಯ ನೆತ್ತಿಯ ಮೇಲೆ ಒಂದು ಚಪ್ಪಟೆ ಮರದ ತುಂಡಿಟ್ಟು ಅದರ ಮೇಲೆ ನೇರ ಪೆಟ್ಟು ಕೊಡಿ, ಕುಣಿಕೆ ಎರಡು ಕಡೆಗೂ ಉಬ್ಬಿದ ಮೇಲೆ ಮರ ತೆಗೆದು ಕೊಡತಿ. ವಾಲಿದ್ದು ಗೊತ್ತಾದರೆ ಬಡಿದು ಸರಿಮಾಡಲು ಹೋಗಬೇಡಿ, ಕಾಯಿಸಿ, ಕುಣಿಕೆಯೊಳಗೆ ಸರಳು ತೂರಿಸಿ ಮತ್ತೆ ದುಂಡಗೆ ಮಾಡಿ. ಕಾಲುಗಳ ನಡುವೆ ಸಂದು ಉಳಿದಿದ್ದರೂ ತಲೆ ನಡುವಿನಲ್ಲಿ ಕುಸಿಯುತ್ತದೆ. ವೈಸ್ ಸಡಿಲವಿದೆ ಎಂದರ್ಥ.

ತಲೆ ಚಪ್ಪಟೆಯಾದ ಮೇಲೆ, ವೈಸ್‌ನಲ್ಲಿರುವಾಗಲೇ ಎರಡು ಅಂಚಿಗೂ ಉಕ್ಕಿನ ಸುತ್ತಿಗೆಯಿಂದ ಒಂದು ಹಗುರ ವರಸೆ. ಹೊರತೆಗೆದು ಕಾಯಿಸಿ, ಎರಡು ಕಾಲನ್ನೂ ಬೆರಳಿನಿಂದ ಎಡಬಲಕ್ಕೆ ಎಳೆಯಿರಿ. ತಲೆ ಮೇಲೆದ್ದು, ಚೂಪಿನಿಂದ ಅಗಲಕ್ಕೆ ಏರುವ ದಿಬ್ಬವಾಗಿ, ಎರಡು ಪಕ್ಕಕ್ಕೂ ತೀಡಿದ ಏಣಿನೊಂದಿಗೆ ನಿಲ್ಲುತ್ತದೆ. ಇಲ್ಲೂ ಅಷ್ಟೇ, ಪೂರ್ತಿ ಎಳೆಯದೆ ಸ್ವಲ್ಪ ಬಿಗಿಯಾಗಿಯೇ ಬಿಡಿ. ಒಳಗೆ ನೆರಳು ಉಳಿಯಬೇಕು.

ಸರ ತೂರಿಸಲು: ಚೂಪು ತುದಿಯ ಕೊನೆಯ 18 ಮಿ.ಮೀ. ಅನ್ನು 8 ಮಿ.ಮೀ. ಅಗಲದ ನಾಲಿಗೆಯಂತೆ ಕತ್ತರಿಸಿ, 4 ಮಿ.ಮೀ. ಸರಳಿನ ಮೇಲೆ ಹಿಂದಕ್ಕೆ ಸುರುಳಿ ಸುತ್ತಿ. ಒಂದು ಸುತ್ತಿಗೆ 13–14 ಮಿ.ಮೀ. ಹೋಗುತ್ತದೆ, ಉಳಿದದ್ದು ಹಿಂಬದಿಗೆ ಒರಗುತ್ತದೆ.

ಬೇರೆ ಲೋಹದಲ್ಲಿ

ಬೆಳ್ಳಿಯಲ್ಲಿ ಮಾಡುವುದಾದರೆ 925ಕ್ಕಿಂತ 999 ಶುದ್ಧ ಬೆಳ್ಳಿಯೇ ಒಳ್ಳೆಯದು. 925ರಲ್ಲಿರುವ ತಾಮ್ರ ಪದೇ ಪದೇ ಕಾಯಿಸಿದಾಗ ಮೇಲ್ಮೈಯ ಕೆಳಗೆ ನೇರಳೆ ಕಲೆಯಾಗುತ್ತದೆ, ಮಡಿಕೆಯ ಸಂದಿನಲ್ಲಿ ಅದನ್ನು ಉಜ್ಜಿ ತೆಗೆಯಲು ಯಾವ ಬ್ರಷ್ಷೂ ಹೋಗುವುದಿಲ್ಲ. ಕಾವು ಗೊತ್ತಾಗಲು ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ, ಅದು ಮಾಯವಾದಾಗ ಹದ ಹತ್ತಿರ ಬಂದಿದೆ. 925 ಅನ್ನು ಕೆಂಪು ಇಳಿದ ಮೇಲೆ ನೀರಿಗೆ ಹಾಕಿ. ಹಿತ್ತಾಳೆ ಬೇಗ ಬಿರುಸಾಗುತ್ತದೆ, 30 ಗೇಜ್ ತೆಗೆದುಕೊಂಡು ಎರಡರಷ್ಟು ಸಲ ಕಾಯಿಸಿ, ಕೆಂಪಗಿರುವಾಗ ನೀರಿಗೆ ಹಾಕಬೇಡಿ, ಅತಿಯಾಗಿ ಕಾಯಿಸಿ ಸತುವಿನ ಹೊಗೆ ಏಳಿಸಬೇಡಿ. ಅಗ್ಗವೆಂದು ಅಲ್ಯೂಮಿನಿಯಂ ಹಿಡಿಯುವವರಿಗೆ: ಅದು ಕೆಂಪಾಗದೆಯೇ 660 ಡಿಗ್ರಿಗೆ ಕರಗುತ್ತದೆ. ಸೋಪು ಸವರಿ, ಸೋಪು ಕಂದುಗಪ್ಪಾದಾಗ ನಿಲ್ಲಿಸಬೇಕು. ಅದರ ಅರವನ್ನೇ ಬೆಳ್ಳಿಗೆ ಬಳಸಬಾರದು.

22 ಕ್ಯಾರೆಟ್ ಚಿನ್ನದಲ್ಲಿ 0.2 ಮಿ.ಮೀ. ತಗಡು ಸಾಕು. ಮೇಲೆ ಹೇಳಿದ ಎಲೆ ಆ ದಪ್ಪದಲ್ಲಿ ಸುಮಾರು 5 ಗ್ರಾಂ. ಕಣ್ಣಿಗೆ ಇಪ್ಪತ್ತು ಗ್ರಾಮಿನ ಒಡವೆಯ ಗಾತ್ರ ಕಾಣುತ್ತದೆ, ಮಡಿಕೆ ತೆಳು ತಗಡಿಗೆ ಬಲ ಕೊಡುವುದರಿಂದ. ಗ್ರಾಹಕರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತು ಅಕ್ಕಸಾಲಿಗರಿಗೆ ಸಿಗಲಾರದು.

ಮುಗಿಸುವುದು

ಪೂರ್ತಿ ಬಿಚ್ಚಿದ ಮೇಲೆ ಹುಳಿನೀರು, ಸೋಡನೀರು, ನಂತರ ಹಿತ್ತಾಳೆ ತಂತಿಯ ಮೃದು ಬ್ರಷ್ಷಿನಲ್ಲಿ ಸೋಪುನೀರು ಹಾಕಿ ಉಜ್ಜಿ. ಒಣ ಬ್ರಷ್ ಉಜ್ಜಿದರೆ ಹಿತ್ತಾಳೆ ಬಣ್ಣ ಅಂಟಿಕೊಳ್ಳುತ್ತದೆ. ಬಫಿಂಗ್ ಯಂತ್ರ ಬೇಡ: ತೆಳು ಅಂಚು ಚಕ್ರಕ್ಕೆ ಸಿಕ್ಕಿದರೆ ಎಲೆ ಕೈಯಿಂದ ಹಾರುತ್ತದೆ. ಮಡಿಕೆಯ ಸಂದು ಕಪ್ಪಾಗಬೇಕಿದ್ದರೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿಮಾಡಿ, ಮುಚ್ಚಳದ ಡಬ್ಬಿಯಲ್ಲಿ ಒಡವೆಗೆ ತಾಗದಂತೆ ಪಕ್ಕದಲ್ಲಿಟ್ಟು ಕೆಲವು ಗಂಟೆ ಬಿಡಿ. ಅದರ ಗಂಧಕದ ಆವಿ ತಾಮ್ರವನ್ನೂ ಬೆಳ್ಳಿಯನ್ನೂ ಕಪ್ಪಾಗಿಸುತ್ತದೆ. ಆಮೇಲೆ ಏಣುಗಳನ್ನಷ್ಟೇ 1000 ನಂಬರಿನ ಎಮರಿಯಿಂದ ಸವರಿದರೆ ಗೆರೆ ಹೊಳೆಯುತ್ತದೆ, ತಗ್ಗು ಕಪ್ಪಾಗಿ ಉಳಿಯುತ್ತದೆ. ಒಡವೆಯನ್ನು ಕೈಗೆ ಬೆಚ್ಚಗಾಗುವಷ್ಟು ಬಿಸಿಮಾಡಿ ಜೇನುಮೇಣ ತೆಳುವಾಗಿ ಸವರಿ, ಬಟ್ಟೆಯಿಂದ ಒರೆಸಿ.

ತೊಟ್ಟನ್ನು ದುಂಡುಮೂತಿ ಇಕ್ಕಳದಿಂದ ಹಿಂದಕ್ಕೆ ಸುರುಳಿ ಸುತ್ತಿ, ಒಳವ್ಯಾಸ 3 ಮಿ.ಮೀ. ಕೊಕ್ಕೆಗೆ ತಾಮ್ರ ಬೇಡ, ಕಿವಿ ಹಸಿರಾಗುತ್ತದೆ. 0.8 ಮಿ.ಮೀ. ಬೆಳ್ಳಿ ತಂತಿ, ಒಂದು ಕೊಕ್ಕೆಗೆ 45 ಮಿ.ಮೀ. ತುಂಡು. ಒಳಗೆ ಹೋಗುವ ತುದಿಯನ್ನು ಅರದಿಂದ ಉರುಟು ಮಾಡಿ 1000ರ ಎಮರಿ ಹಾಕಿ, ಬಾಗಿಸಿದ ಮೇಲೆ ಅಡಿಗಲ್ಲಿನ ಮೇಲೆ ಕೊಡತಿಯಿಂದ ಎರಡೇಟು ತಟ್ಟಿದರೆ ಕೊಕ್ಕೆ ಬಿಗಿಯಾಗುತ್ತದೆ. ಮೇಣ ಕೆಲವು ತಿಂಗಳಲ್ಲಿ ಸವೆಯುತ್ತದೆ. ತಾಮ್ರ ಮಂಕಾಗಿ ಕಂಡಾಗ ಸೋಪುನೀರಿನಲ್ಲಿ ತೊಳೆದು ಮತ್ತೆ ಸವರಿ. ಹುಣಸೆಹುಳಿಯಲ್ಲಿ ತಿಕ್ಕಿದರೆ ಸಂದಿನ ಕಪ್ಪೂ ಹೋಗುತ್ತದೆ, ಅದು ಬೇಕಿಲ್ಲದಿದ್ದರೆ ಅಡುಗೆಮನೆಯ ಪಾತ್ರೆಗಳ ಜೊತೆ ಇದನ್ನು ಸೇರಿಸಬೇಡಿ.